ತೂಕ ಏರಿದರೆ ಮೊದಲು ಜಿಮ್ಮೋ, ಡಾಕ್ಟರೋ?

ನಮ್ಮಲ್ಲಿ ಒಬ್ಬರ ಮೈತೂಕ ಊರಿಗೆಲ್ಲ ಸೇರಿದ ಆಸ್ತಿ. ರಜೆಗೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಎದುರಾದ ಅಜ್ಜಿ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ದೂರದ ಅತ್ತೆ, ಜೆರಾಕ್ಸ್ ಅಂಗಡಿಯ ಅಣ್ಣ, ಎಲ್ಲರಿಗೂ ಅದರ ಬಗ್ಗೆ ಮಾತಾಡುವ ಹಕ್ಕಿದೆ. ‘ಏನವಾ, ಭಾಳ ದಪ್ಪ ಆಗೀಯಲ್ಲ, ಧಾರವಾಡದ ನೀರು ಹತ್ತೇತಿ ನೋಡು’ ಎಂದು ಶುರುವಾದ ಮಾತು ಮುಗಿಯುವಷ್ಟರಲ್ಲಿ ಪರಿಹಾರವೂ ಸಿಕ್ಕಿರುತ್ತದೆ. ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ, ಜೀರಿಗೆ ಕಷಾಯ, ಅನ್ನ ಬಿಡು, ರಾತ್ರಿ ಊಟ ಬಿಡು, ಹಗ್ಗ ಜಿಗಿ. ಇಷ್ಟೆಲ್ಲ ಹೇಳುವವರಲ್ಲಿ ‘ಎಷ್ಟು ದಿನದಿಂದ ಹಿಂಗಾತು? ಮತ್ತೇನರ ತ್ರಾಸ ಐತೇನು?’ ಎಂದು ಕೇಳುವವರು ಮಾತ್ರ ಸಿಗುವುದಿಲ್ಲ.

ಈ ಎರಡು ಪ್ರಶ್ನೆ ಕೇಳದೆ ಕೊಡುವ ಯಾವ ಸಲಹೆಯೂ ಸಲಹೆಯಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣ ತಿಳಿಯದೆ ಏರಿದ ತೂಕಕ್ಕೆ ಮೊದಲು ಬೇಕಾದದ್ದು ಕಾರಣ. ಡಯಟ್, ಜಿಮ್, ಬೈಗುಳ ಎಲ್ಲವೂ ಆಮೇಲೆ.

ಲೆಕ್ಕ ತಾಳೆಯಾಗುತ್ತದೆಯೇ?

ಮೊದಲೇ ಒಂದು ಮಾತು ಒಪ್ಪಿಕೊಳ್ಳೋಣ. ನಮ್ಮ ವಯಸ್ಸಿನವರ ತೂಕ ಏರುವುದಕ್ಕೆ ಹೆಚ್ಚಿನ ಸಲ ಕಾರಣ ಕಣ್ಣೆದುರಿಗೇ ಇರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ದಿನಕ್ಕೆ ಹತ್ತು ಹನ್ನೆರಡು ತಾಸು ಲೈಬ್ರರಿಯ ಕುರ್ಚಿ ಬಿಟ್ಟು ಏಳುವುದಿಲ್ಲ. ಪಿ.ಜಿ.ಯಲ್ಲಿ ಮೂರು ಹೊತ್ತೂ ಅನ್ನವೇ ಹೆಚ್ಚು, ಪಲ್ಯ ಕಡಿಮೆ. ನಿದ್ದೆ ತಡೆಯಲು ಚಹಾ, ಮಧ್ಯರಾತ್ರಿ ಹಸಿವಿಗೆ ಬಿಸ್ಕತ್ತು ಅಥವಾ ಮ್ಯಾಗಿ. ಒಂದು ಕಪ್ ಚಹಾಕ್ಕೆ ಎರಡು ಚಮಚ ಸಕ್ಕರೆ ಎಂದರೂ ಐದು ಕಪ್ಪಿಗೆ 50 ಗ್ರಾಂ, ಅಂದರೆ ಸುಮಾರು 200 ಕ್ಯಾಲರಿ. ಒಂದು ಕಿಲೊ ಕೊಬ್ಬು ಎಂದರೆ ಸುಮಾರು 7,700 ಕ್ಯಾಲರಿ. ಕಾಗದದ ಮೇಲಿನ ಲೆಕ್ಕದಲ್ಲಿ ಈ ಚಹಾದ ಸಕ್ಕರೆಯೊಂದೇ 40 ದಿನಕ್ಕೆ ಒಂದು ಕಿಲೊ ಏರಿಸಬಲ್ಲದು. ದೇಹ ಇಷ್ಟು ನೇರವಾಗಿ ಲೆಕ್ಕ ಇಡುವುದಿಲ್ಲ ನಿಜ, ಆದರೂ ಎರಡು ವರ್ಷದಲ್ಲಿ ಆರೇಳು ಕಿಲೊ ಏರಿದರೆ ಅದರಲ್ಲಿ ನಿಗೂಢವೇನೂ ಇಲ್ಲ.

ಈಗ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಒಂದೇ ತಿಂಗಳಲ್ಲಿ 5 ಕಿಲೊ ಕೊಬ್ಬು ಸೇರಬೇಕಾದರೆ ದಿನಕ್ಕೆ ಸುಮಾರು 1,280 ಕ್ಯಾಲರಿ ಹೆಚ್ಚಿಗೆ ಬೇಕು. ನೂರು ಕ್ಯಾಲರಿಗೆ ಒಂದು ಚಪಾತಿ ಎಂದು ಹಿಡಿದರೆ, ನಿತ್ಯದ ಊಟದ ಮೇಲೆ ಪ್ರತಿದಿನ ಹನ್ನೆರಡು ಹದಿಮೂರು ಚಪಾತಿ. ಅಷ್ಟು ತಿಂದಿದ್ದರೆ ತಿಂದವರಿಗೂ ಗೊತ್ತಿರುತ್ತದೆ, ಪಿ.ಜಿ. ಆಂಟಿಗೂ ಗೊತ್ತಿರುತ್ತದೆ! ಮೆಂಟಲ್ ಎಬಿಲಿಟಿ ಪತ್ರಿಕೆಯಲ್ಲಿ ಇಂಥ ಪ್ರಶ್ನೆ ಬಂದರೆ ನಾವು ಅರ್ಧ ನಿಮಿಷದಲ್ಲಿ ‘ದತ್ತಾಂಶ ಸಾಲದು’ ಎಂದು ಗುರುತು ಹಾಕುತ್ತೇವೆ. ನಮ್ಮದೇ ದೇಹದ ವಿಷಯ ಬಂದಾಗ ಮಾತ್ರ ‘ತಿಂದು ತಿಂದು ದಪ್ಪ ಆಗಿದ್ದೀನಿ’ ಎಂಬ ಉತ್ತರಕ್ಕೆ ಸುಮ್ಮನಾಗುತ್ತೇವೆ. ಊಟ ಮತ್ತು ಓಡಾಟದ ಲೆಕ್ಕಕ್ಕೆ ತಾಳೆಯಾಗದ ತೂಕವೇ ‘ಕಾರಣವಿಲ್ಲದ ತೂಕ’. ಡಾಕ್ಟರ ಹತ್ತಿರ ಹೋಗಬೇಕಾದ್ದು ಅದಕ್ಕೆ.

‘ದಡ್ಡಿ ಆಗಾಕತ್ತೇನಿ’ ಎಂದವಳು

ನನ್ನ ರೂಮ್‌ಮೇಟ್ ಹಾವೇರಿ ಕಡೆಯವಳು. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಳು. ದೈಹಿಕ ಪರೀಕ್ಷೆಗೆಂದು ನಸುಕಿನಲ್ಲೇ ಎದ್ದು ಮೈದಾನಕ್ಕೆ ಹೋಗಿ ಓಡುತ್ತಿದ್ದವಳು. ಅಂಥವಳ ತೂಕ ಐದು ತಿಂಗಳಲ್ಲಿ ಐದಾರು ಕಿಲೊ ಏರಿತು. ಅವಳು ಮೊದಲು ಮಾಡಿದ್ದು ರಾತ್ರಿ ಊಟ ಬಿಟ್ಟದ್ದು. ಆಮೇಲೆ ಮೂರು ತಿಂಗಳ ಜಿಮ್ ಪ್ಯಾಕೇಜು. ಪಿ.ಜಿ.ಯ ಕೆಲವರು ಅವಳು ಕದ್ದು ತಿನ್ನುತ್ತಾಳೆ ಎಂದೂ ನಗೆಯಾಡಿದರು.

ಆದರೆ ತೂಕದ ಜತೆಗೆ ಬೇರೆ ಸಂಗತಿಗಳೂ ನಡೆಯುತ್ತಿದ್ದವು. ಧಾರವಾಡದ ಮಾರ್ಚ್ ತಿಂಗಳಲ್ಲಿ ನಾವೆಲ್ಲ ಫ್ಯಾನಿನ ಕೆಳಗೆ ಜಾಗ ಹುಡುಕುವಾಗ ಅವಳು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಧ್ವನಿ ಒರಟಾಗಿತ್ತು. ಬಾಚಣಿಗೆ ತುಂಬ ಕೂದಲು. ಮಲಬದ್ಧತೆ. ಮುಟ್ಟಿನ ದಿನಗಳಲ್ಲಿ ಸ್ರಾವ ಹೆಚ್ಚು. ಎಂಟು ತಾಸು ಮಲಗಿ ಎದ್ದರೂ ಪುಸ್ತಕದ ಮೇಲೆ ತೂಕಡಿಕೆ. ಓದಿದ ಪುಟವನ್ನೇ ಮತ್ತೆ ಓದಿ, ‘ಅಕ್ಕಾ, ನಾ ದಡ್ಡಿ ಆಗಾಕತ್ತೇನಿ. ತಲಿಗೆ ಏನೂ ಹತ್ತವಲ್ದು’ ಎಂದು ಒಂದು ರಾತ್ರಿ ಅತ್ತಳು. ಊರಿಗೆ ಹೋಗಿಬಿಡುತ್ತೇನೆ, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಒಪ್ಪಿಬಿಡುತ್ತೇನೆ ಎಂದೂ ಹೇಳಿದಳು.

ಮರುದಿನ ಇಬ್ಬರೂ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದೆವು. ಡಾಕ್ಟರು ತೂಕದ ಬಗ್ಗೆ ಬೈಯಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದರು, ನಾಡಿ ನೋಡಿದರು, ನೀರು ಕುಡಿಸಿ ಕುತ್ತಿಗೆ ಮುಟ್ಟಿ ನೋಡಿದರು, ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಬರೆದರು. ಅದು ಇರಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಥೈರಾಯ್ಡ್ ಗ್ರಂಥಿ ಬೇಕಾದಷ್ಟು ಹಾರ್ಮೋನು ತಯಾರಿಸುತ್ತಿಲ್ಲ ಎಂದು ಅದರ ಅರ್ಥ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಅದಾಗಿ ಅರ್ಧದಿಂದ ಒಂದು ತಾಸಿನವರೆಗೆ ಚಹಾ ಕೂಡ ಇಲ್ಲ, ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ತಾಸು ಬಿಟ್ಟು, ಆರರಿಂದ ಎಂಟು ವಾರಕ್ಕೆ ಮತ್ತೆ ಪರೀಕ್ಷೆ. ಇಷ್ಟೇ ಚಿಕಿತ್ಸೆ.

ತೂಕ ಇಳಿದದ್ದು ಎರಡು ಮೂರು ಕಿಲೊ ಮಾತ್ರ. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಅಷ್ಟೇ. ಅದರಲ್ಲೂ ಹೆಚ್ಚಿನದು ದೇಹ ಹಿಡಿದಿಟ್ಟುಕೊಂಡ ಉಪ್ಪು ಮತ್ತು ನೀರು. ಆದರೆ ಅವಳಿಗೆ ಓದು ಮರಳಿ ಬಂತು. ಅವಳನ್ನು ಸೋಮಾರಿ ಎಂದವರು, ಅವಳೇ ತನ್ನನ್ನು ದಡ್ಡಿ ಎಂದುಕೊಂಡದ್ದು, ಇದೆಲ್ಲದಕ್ಕೂ ಕುತ್ತಿಗೆಯಲ್ಲಿರುವ ಚಿಟ್ಟೆಯಾಕಾರದ ಒಂದು ಸಣ್ಣ ಗ್ರಂಥಿ ಕಾರಣವಾಗಿತ್ತು. ಅದನ್ನು ತಿಳಿಯಲು ಖಾಸಗಿ ಲ್ಯಾಬಿನಲ್ಲಾದರೂ ಕೆಲವು ನೂರು ರೂಪಾಯಿ ಸಾಕಿತ್ತು. ಅದಕ್ಕೂ ಮೊದಲು ಜಿಮ್‌ಗೆ ಕೊಟ್ಟದ್ದು ಸಾವಿರಗಳಲ್ಲಿ.

ಹುಡುಗರಿಗೂ ಉಂಟು

ತೂಕದ ಮಾತು ಹುಡುಗಿಯರದ್ದು ಎಂದು ಹುಡುಗರು ಪುಟ ತಿರುವಬೇಡಿ. ನನ್ನ ಚಿಕ್ಕಪ್ಪನ ಮಗ ಮೊದಲಿನಿಂದ ಕಡ್ಡಿಯಂತಿದ್ದವನು. ಒಂದು ವರ್ಷ ಇದ್ದಕ್ಕಿದ್ದಂತೆ ಮುಖ ದುಂಡಗಾಗಿ, ಕೆನ್ನೆ ಕೆಂಪಾಗಿ ಊರಿನ ಜಾತ್ರೆಗೆ ಬಂದ. ಮನೆಯವರಿಗೆ ಸಂತೋಷವೋ ಸಂತೋಷ, ‘ಈಗ ನೋಡ್ರಿ ಮೈಕೈ ತುಂಬಕೊಂಡಾನ’ ಎಂದು. ಸಪೂರ ಹುಡುಗ ದಪ್ಪಗಾದರೆ ನಮ್ಮಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ತುಂಬಿದ್ದು ಮುಖ ಮತ್ತು ಹೊಟ್ಟೆ ಮಾತ್ರ. ಕೈಕಾಲು ಇನ್ನೂ ಸೊರಗಿದ್ದವು. ಊಟಕ್ಕೆ ನೆಲದ ಮೇಲೆ ಕೂತವನು ಕೈ ಊರದೆ ಏಳಲಾರದಾಗಿದ್ದ. ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಬಣ್ಣದ ಗೆರೆಗಳು ಮೂಡಿದ್ದವು.

ತುರಿಕೆಗೆಂದು ಒಂದು ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೊಟ್ಟ ಮಾತ್ರೆಯನ್ನು ಅವನು ತಿಂಗಳುಗಟ್ಟಲೆ ನುಂಗುತ್ತಿದ್ದ. ಅದರಲ್ಲಿ ಸ್ಟೆರಾಯ್ಡ್ ಇತ್ತು. ಹೀಗೆ ಬಹಳ ದಿನ ನುಂಗಿದವರು ಗಾಬರಿಯಿಂದ ಒಮ್ಮೆಲೇ ನಿಲ್ಲಿಸಿದರೆ ಇನ್ನೊಂದು ಅಪಾಯ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದ್ದಾಗ ದೇಹ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಹಾಗಾಗಿ ಡಾಕ್ಟರು ಅವನ ಮಾತ್ರೆಯನ್ನು ತಿಂಗಳುಗಳ ಮೇಲೆ ಸ್ವಲ್ಪಸ್ವಲ್ಪವೇ ಇಳಿಸಿದರು. ಮುಖ ಬೆಳ್ಳಗಾಗಲು ಹಚ್ಚುವ ಕೆಲವು ಮುಲಾಮುಗಳಲ್ಲೂ ಸ್ಟೆರಾಯ್ಡ್ ಇರುತ್ತದೆ. ಇಂಥ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ‘ಆ ಕ್ರೀಮ್ ಕೊಡಿ’ ಎಂದರೆ ಕೊಡುವ ಅಂಗಡಿಗಳಿಗೆ ಕೊರತೆಯಿಲ್ಲ. ‘ಒಂದೇ ತಿಂಗಳಲ್ಲಿ ಮೈ ತುಂಬಿಸುವ’ ಹೆಸರಿಲ್ಲದ ಪುಡಿ, ಮಾತ್ರೆಗಳ ಬಗ್ಗೆಯಂತೂ ಇನ್ನೂ ಎಚ್ಚರ ಬೇಕು.

ತೂಕದ ಜತೆಗೆ ಇನ್ನೇನಿದೆ?

ತೂಕದ ಯಂತ್ರ ಸಂಖ್ಯೆಯನ್ನಷ್ಟೇ ಹೇಳುತ್ತದೆ. ಕಾರಣದ ಸುಳಿವು ಇರುವುದು ಅದರ ಅಕ್ಕಪಕ್ಕದಲ್ಲಿ.

ಮುಟ್ಟು 35 ದಿನ ದಾಟಿ ಬರುವುದು, ಎರಡು ಮೂರು ತಿಂಗಳು ಬಾರದಿರುವುದು, ಗಲ್ಲದ ಮೇಲೆ ಗಟ್ಟಿ ಕೂದಲು, ಹೋಗದ ಮೊಡವೆ, ಕುತ್ತಿಗೆಯ ಹಿಂದೆ ಉಜ್ಜಿದರೂ ಹೋಗದ ಕಪ್ಪು, ಇವುಗಳೊಂದಿಗೆ ತೂಕ ಏರಿದ್ದರೆ ಪಿಸಿಒಎಸ್ ಇರಬಹುದು. ಸುಮಾರು ಹತ್ತು ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇರುವ ತೊಂದರೆಯಿದು. ‘ಮದುವೆ ಆದ ಮೇಲೆ ಸರಿಹೋಗ್ತದ’ ಎಂದು ಮುಂದೂಡುವ ವಿಷಯ ಖಂಡಿತ ಅಲ್ಲ, ಏಕೆಂದರೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯನ್ನೂ ಇದು ಹೆಚ್ಚಿಸುತ್ತದೆ. ಇಲ್ಲಿ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಮುಟ್ಟು ಸರಿಹೋಗಲು ನೆರವಾಗುತ್ತದೆ. ಮುಟ್ಟು ನಿಂತಿದ್ದು ಗರ್ಭಧಾರಣೆಯ ಸಾಧ್ಯತೆ ಇದ್ದರೆ ಆ ಪರೀಕ್ಷೆ ಮೊದಲು. ಇದನ್ನು ಸಂಕೋಚದಿಂದ ಮುಚ್ಚಿಡುವುದರಿಂದ ತೊಂದರೆ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ.

ಹೊಸ ಮಾತ್ರೆ ಶುರುವಾದ ಮೇಲೆ ತೂಕ ಏರಿತೇ? ಮೂರ್ಛೆರೋಗ, ಮೈಗ್ರೇನ್, ಖಿನ್ನತೆ, ಇತರ ಮಾನಸಿಕ ಕಾಯಿಲೆಗಳಿಗೆ ಕೊಡುವ ಕೆಲವು ಔಷಧಗಳು ತೂಕ ಏರಿಸುತ್ತವೆ. ಇದಕ್ಕೆ ಮಾತ್ರೆ ನಿಲ್ಲಿಸುವುದು ಪರಿಹಾರವಲ್ಲ. ಬರೆದುಕೊಟ್ಟವರ ಬಳಿಗೇ ಹೋಗಿ ಕೇಳಿದರೆ ಪ್ರಮಾಣ ಬದಲಿಸಬಹುದು, ಬೇರೆ ಔಷಧ ಕೊಡಬಹುದು.

ಏರಿದ್ದು ನೀರೂ ಆಗಿರಬಹುದು. ಬೆಳಿಗ್ಗೆ ಕಣ್ಣಿನ ಸುತ್ತ ಊತ, ಸಂಜೆ ಪಾದದಲ್ಲಿ ಊತ, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುವುದು, ಮೂತ್ರದಲ್ಲಿ ನೊರೆ ಕಾಣಿಸಿದರೆ ಮೂತ್ರಪಿಂಡ, ಹೃದಯ, ಯಕೃತ್ತನ್ನು ಪರೀಕ್ಷಿಸಬೇಕಾಗುತ್ತದೆ. ಮೈ ಹಾಗೇ ಇದ್ದು ಹೊಟ್ಟೆಯೊಂದೇ ದೊಡ್ಡದಾಗುತ್ತಿದ್ದರೂ ತಡ ಮಾಡಬಾರದು.

ಮನಸ್ಸನ್ನೂ ಬಿಡುವಂತಿಲ್ಲ. ಅಧಿಸೂಚನೆ ಮುಂದಕ್ಕೆ ಹೋಗುತ್ತದೆ, ಫಲಿತಾಂಶ ಕೋರ್ಟಿನಲ್ಲಿರುತ್ತದೆ, ವಯೋಮಿತಿ ಹತ್ತಿರ ಬರುತ್ತದೆ. ಆ ಕಳವಳದಲ್ಲಿ ಕೆಲವರಿಗೆ ಊಟ ಸೇರುವುದಿಲ್ಲ, ಕೆಲವರಿಗೆ ರಾತ್ರಿ ತಿನ್ನುವುದನ್ನು ನಿಲ್ಲಿಸಲಾಗುವುದಿಲ್ಲ. ನಿದ್ದೆ ಕೆಟ್ಟರೆ ಹಸಿವೂ ಹೆಚ್ಚುತ್ತದೆ. ಎರಡು ವಾರ ದಾಟಿ ಮನಸ್ಸು ಮಂಕಾಗಿಯೇ ಇದ್ದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಯಾವಾಗ ಹೋಗಬೇಕು?

ಎಷ್ಟು ಕಿಲೊ ಏರಿದರೆ ಡಾಕ್ಟರ ಬಳಿ ಹೋಗಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಗೆರೆಯಿಲ್ಲ. ಓದಿ, ಕೇಳಿ ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ.

ಅದೇ ದಿನ ಹೋಗಬೇಕಾದದ್ದು: ಮಲಗಿದರೆ ಉಸಿರು ಕಟ್ಟುವುದು, ಎದೆನೋವು, ಮುಖ ಕಾಲು ಬಾತು ಮೂತ್ರ ಕಡಿಮೆಯಾಗುವುದು, ಒಂದೇ ಕಾಲು ಬಾತು ನೋಯುವುದು, ತಲೆನೋವಿನ ಜತೆ ಕಣ್ಣು ಮಂಜಾಗುವುದು. ಊತದ ಜತೆ ಒಂದು ವಾರದಲ್ಲಿ 2 ಕಿಲೊಗಿಂತ ಹೆಚ್ಚು ಏರಿದ್ದರೂ ಕಾಯಬಾರದು.

ಒಂದೆರಡು ವಾರದೊಳಗೆ ಹೋಗಬೇಕಾದದ್ದು: ಊಟ, ಓಡಾಟ ಬದಲಾಗದೆ ಎರಡು ತಿಂಗಳಿನಿಂದ ತೂಕ ಏರುತ್ತಲೇ ಇದೆ, ಮೇಲೆ ಹೇಳಿದ ಲಕ್ಷಣಗಳಲ್ಲಿ ಒಂದಾದರೂ ಜತೆಗಿದೆ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ. ಜೋರು ಗೊರಕೆ, ಹಗಲಿಡೀ ತೂಕಡಿಕೆ ಇದ್ದರೂ ಹೇಳಿಕೊಳ್ಳಿ.

ಕಾಯಬಹುದಾದದ್ದು: ಮುಟ್ಟಿಗೆ ಮುಂಚಿನ ಒಂದೆರಡು ಕಿಲೊ, ಹಬ್ಬ ಮದುವೆಗಳ ವಾರದ ಒಂದು ಕಿಲೊ. ಇವು ತಾವಾಗಿಯೇ ಇಳಿಯುತ್ತವೆ. ತೂಕ ನೋಡುವುದಾದರೆ ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಿಗ್ಗೆ ತಿಂಡಿಗೆ ಮುಂಚೆ ನೋಡಿ. ದಿನಕ್ಕೆ ನಾಲ್ಕು ಸಲ ನೋಡಿದರೆ ನೆಮ್ಮದಿ ಹಾಳಾಗುವುದಷ್ಟೇ ಲಾಭ.

ಮೊದಲಿಗೇ ದೊಡ್ಡ ಸ್ಪೆಷಲಿಸ್ಟ್ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ನಗರಗಳ ನಮ್ಮ ಕ್ಲಿನಿಕ್, ತಾಲ್ಲೂಕು ಆಸ್ಪತ್ರೆ, ಯಾವುದಾದರೂ ಸರಿ. ಬಿ.ಪಿ., ಸಕ್ಕರೆ, ಮೂತ್ರ ಪರೀಕ್ಷೆಯಿಂದಲೇ ಅರ್ಧ ದಾರಿ ಸಾಗುತ್ತದೆ. ಹೋಗುವ ಮುನ್ನ ಮೊಬೈಲಿನಲ್ಲಿ ಬರೆದುಕೊಳ್ಳಿ: ಯಾವ ತಿಂಗಳಿನಿಂದ, ಎಷ್ಟರಿಂದ ಎಷ್ಟಕ್ಕೆ, ಕಳೆದ ಮೂರು ಮುಟ್ಟಿನ ತಾರೀಖು, ನುಂಗುವ ಮಾತ್ರೆ, ಹಚ್ಚುವ ಕ್ರೀಮು, ಕುಡಿಯುವ ಪುಡಿ ಎಲ್ಲವೂ. ಮಾತ್ರೆಯ ಹಾಳೆಯನ್ನೇ ಒಯ್ದರೆ ಇನ್ನೂ ಒಳ್ಳೆಯದು. ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ಅದನ್ನೂ ಹೇಳಿ.

ಓಪಿಡಿಯ ಸಾಲು ಉದ್ದ, ಡಾಕ್ಟರಿಗೆ ಸಮಯ ಕಡಿಮೆ. ‘ತೂಕ ಇಳಿಸಮ್ಮ’ ಎಂದಷ್ಟೇ ಹೇಳಿ ಕಳಿಸುವುದೂ ಉಂಟು. ಆಗ ವಿನಯದಿಂದಲೇ, ‘ಸರ್, ಊಟ ಬದಲಾಗಿಲ್ಲ, ಇಷ್ಟು ತಿಂಗಳಲ್ಲಿ ಇಷ್ಟು ಏರಿದೆ, ಬೇರೆ ಕಾರಣ ಇರಬಹುದಾ?’ ಎಂದು ಕೇಳಿ. ಅದು ಎದುರುತ್ತರವಲ್ಲ. ದಪ್ಪಗಿರುವ ರೋಗಿಯ ಪ್ರತಿ ದೂರನ್ನೂ ದಪ್ಪದ ಖಾತೆಗೆ ಹಾಕುವ ಅಭ್ಯಾಸವನ್ನು ವೈದ್ಯರೂ ಬಿಡಬೇಕು ಎಂಬುದು ನನ್ನ ವಿನಂತಿ.

ಹಾಗೆಂದು ಎಲ್ಲರಿಗೂ ಥೈರಾಯ್ಡ್ ಅಲ್ಲ

ಇದನ್ನೋದಿ ಎಲ್ಲರೂ ಲ್ಯಾಬಿಗೆ ಓಡಬೇಕೆಂದು ನಾನು ಹೇಳುತ್ತಿಲ್ಲ. ಪರೀಕ್ಷೆ ನಾರ್ಮಲ್ ಬಂದರೆ ಅದೂ ಒಂದು ಉತ್ತರವೇ. ಆಗ ಚಹಾದ ಸಕ್ಕರೆ, ಕುರ್ಚಿಯ ತಾಸು ಎರಡನ್ನೂ ಕಡಿಮೆ ಮಾಡುವ ಕೆಲಸ ನಮ್ಮದು. ಭಾರತೀಯರಲ್ಲಿ ಬಿಎಂಐ 23 ದಾಟಿದರೆ ಹೆಚ್ಚಿನ ತೂಕ, 25 ದಾಟಿದರೆ ಬೊಜ್ಜು ಎಂದು ಎಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಕಾಯಿಲೆ ಇಲ್ಲ ಎಂದಮಾತ್ರಕ್ಕೆ ಇವನ್ನು ಮರೆಯುವಂತಿಲ್ಲ. ಕಾಣುವ ಲಕ್ಷಣವೇ ಇಲ್ಲದೆ ಸಾವಿರಾರು ರೂಪಾಯಿಯ ‘ಫುಲ್ ಬಾಡಿ’ ಪ್ಯಾಕೇಜಿಗೆ ದುಡ್ಡು ಸುರಿಯುವುದೂ ಬೇಡ. ಥೈರಾಯ್ಡ್ ಸರಿಯಿದ್ದವರು ಸಣ್ಣಗಾಗಲೆಂದು ಗೆಳತಿಯ ಮಾತ್ರೆ ನುಂಗುವುದಂತೂ ಹೃದಯದ ಬಡಿತವನ್ನೇ ಕೆಡಿಸುವ ಆಟ.

ಕಾಲೇಜುಗಳಿಗೂ ಒಂದು ಮಾತು. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯ ಬ್ಯಾನರ್ ಕಟ್ಟಿ, ತೂಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ಹೇಳುವ ಶಿಬಿರಗಳು ಯಾರಿಗೂ ಉಪಯೋಗವಿಲ್ಲ. ಹುಡುಗಿಯರು ಅಂದು ರಜೆ ಹಾಕುತ್ತಾರೆ ಅಷ್ಟೇ. ಒಂದು ಕೋಣೆ, ಒಂದು ತೂಕದ ಯಂತ್ರ, ಒಂದು ಬಿ.ಪಿ. ಯಂತ್ರ, ವಾರಕ್ಕೊಮ್ಮೆ ಬಂದು ಕೂರುವ ಒಬ್ಬ ನರ್ಸ್, ಮುಚ್ಚಿದ ಬಾಗಿಲು. ಇಷ್ಟಿದ್ದರೆ ಎಷ್ಟೋ ಮಂದಿ ಆರು ತಿಂಗಳು ಮೊದಲೇ ಡಾಕ್ಟರನ್ನು ಕಾಣುತ್ತಾರೆ.

ಅಲ್ಲಿಯವರೆಗೆ ಈ ಕೆಲಸ ನಮ್ಮದೇ. ಈ ವಾರ ಒಂದು ಸಲ ತೂಕ ನೋಡಿ, ಕಳೆದ ವರ್ಷ ಎಷ್ಟಿತ್ತು ಎಂದು ನೆನಪಿಸಿಕೊಳ್ಳಿ, ನಡುವಿನ ವ್ಯತ್ಯಾಸಕ್ಕೆ ಕಾರಣ ಬರೆಯಿರಿ. ಬರೆಯಲು ಕಾರಣ ಸಿಗದಿದ್ದರೆ ಒಂದು ಬೆಳಿಗ್ಗೆ ಓಪಿಡಿ ಚೀಟಿ ಮಾಡಿಸಿ. ಪರೀಕ್ಷೆಗಳಿಗೆ ವರ್ಷಗಟ್ಟಲೆ ಕೊಡುವ ನಾವು ಮೈಗೆ ಒಂದು ಬೆಳಗಿನ ಸರದಿ ಕೊಟ್ಟರೆ ಓದೇನೂ ಹಾಳಾಗುವುದಿಲ್ಲ.